ಕೆಂಪು ಗೆರೆ ಎಳೆಯುವ ಕೆಲಸ

ಮೊದಲೇ ಹೇಳಿಬಿಡುತ್ತೇನೆ, ಆ ಕಾರು ಕೊಳ್ಳುವಾಗ ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಆಮೇಲೆ ಹೇಳಿದವರು ಬಹಳ ಮಂದಿ. ಎಲ್ಲರಿಗೂ ಒಂದೇ ಉತ್ತರ ಕೊಟ್ಟೆ: ಇನ್ನೊಂದು ಕೊಳ್ಳುವಾಗಲೂ ಕೇಳುವುದಿಲ್ಲ.

ಹೈದರಾಬಾದಿನ ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ನಾನು ಬಾಗಲಕೋಟೆ ಕಡೆಯವಳು. ತಾರ್ನಾಕದಲ್ಲಿ ಮೌಶಿಯ, ಅಂದರೆ ಅವ್ವನ ತಂಗಿಯ, ಮನೆಯಲ್ಲಿದ್ದುಕೊಂಡು ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿ ದುಡಿಯುತ್ತಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಬರೆದವರಿಗೆ ಶಹಬ್ಬಾಸ್‌ಗಿರಿ, ಹುಡುಕಿದವಳಿಗೆ ಬೈಗುಳ. ಆರು ವರ್ಷ ಅದನ್ನೇ ಮಾಡಿದ್ದೆ, ಚೆನ್ನಾಗಿಯೇ ಮಾಡಿದ್ದೆ.

ಆಫೀಸಿನಲ್ಲಿ ಕಾರಿನ ಹುಚ್ಚಿನ ಹುಡುಗರ ಒಂದು ಗುಂಪಿತ್ತು. ವರ್ಷಕ್ಕೊಮ್ಮೆ ಚೆನ್ನೈ ಹತ್ತಿರದ ರೇಸ್ ಟ್ರ್ಯಾಕನ್ನು ಒಂದು ದಿನದ ಮಟ್ಟಿಗೆ ಹಿಡಿದು, ತಮ್ಮ ತಮ್ಮ ಗಾಡಿ ಒಯ್ದು ಓಡಿಸುತ್ತಿದ್ದರು. ರೇಸ್ ಅಲ್ಲ. ರಸ್ತೆಯಲ್ಲಿ ಓಡಿಸಲಾಗದ ವೇಗದಲ್ಲಿ ಓಡಿಸಿ, ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿಕೊಳ್ಳುವುದು, ಅಷ್ಟೆ. ಗುಂಪಿನ ಮುಖ್ಯಸ್ಥ ನಮ್ಮ ಟೀಮ್ ಲೀಡ್, ಬೆಂಗಳೂರಿನವನು. ಒಂದು ದಿನ ಕ್ಯಾಂಟೀನಿನಲ್ಲಿ ನಾನೂ ಬರುತ್ತೇನೆ ಎಂದೆ.

"ಬನ್ನಿ ಬನ್ನಿ, ಖಂಡಿತ ಬನ್ನಿ," ಎಂದ. "ತಿಂಡಿ, ನೀರು, ಟೈಮ್ ಬರ್ಕೊಳ್ಳೋದು ನೀವು ನೋಡ್ಕೊಳ್ಳಿ. ಲೇಡೀಸ್ ಒಬ್ರು ಇದ್ರೆ ಹುಡುಗರಿಗೂ ಒಂದು ಶಿಸ್ತು ಇರುತ್ತೆ."

ಮೈಯೆಲ್ಲ ಉರಿಯಿತು. ಕೈಯಲ್ಲಿ ಸಾಂಬಾರಿನ ಬಟ್ಟಲಿತ್ತು, ಅದನ್ನು ಮೆಲ್ಲಗೆ ಕೆಳಗಿಟ್ಟೆ. ಅಷ್ಟು ಬುದ್ಧಿ ಇತ್ತು. "ನಾನು ಗಾಡಿ ಓಡಿಸೋಕೆ ಬರ್ತೀನಿ," ಎಂದೆ.

"ಯಾವ ಗಾಡಿ?" ಎಂದ. ಮೇಜಿನ ಸುತ್ತ ನಗು. ಆಗ ನನ್ನ ಹತ್ತಿರ ಇದ್ದದ್ದು ಒಂದು ಸ್ಕೂಟಿ.

ಗಾಡಿ ತಾರ್ನಾಕದಲ್ಲೇ ಸಿಕ್ಕಿತು. ಯೂನಿವರ್ಸಿಟಿಯಿಂದ ನಿವೃತ್ತರಾದ ಪ್ರೊಫೆಸರೊಬ್ಬರ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ ತಾಡಪತ್ರೆ ಹೊದ್ದುಕೊಂಡು ಮಲಗಿತ್ತು. ಎರಡೇ ಬಾಗಿಲು, ಎರಡೇ ಸೀಟು, ಮೇಲೆ ಬಟ್ಟೆಯ ಮಡಚುವ ಛಾವಣಿ, ಫೈಬರಿನ ಮೈ. ನಮ್ಮ ದೇಶದಲ್ಲೇ ಬೆರಳೆಣಿಕೆಯಷ್ಟು ತಯಾರಾಗಿ ನಿಂತುಹೋದ ಸ್ಪೋರ್ಟ್ಸ್ ಕಾರು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. ಅದನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಮನೆಗೆ ತಂದಾಗ ಮೌಶಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಳು.

"ಅಯ್ಯ ಶಿವನೆ, ಇದೇನವ್ವಾ? ಎರಡ ಮಂದಿ ಕುಂದರೂದಾ? ನಾ ಎಲ್ಲಿ ಕುಂದರ್ಲಿ, ನಿಮ್ಮ ಕಾಕಾ ಎಲ್ಲಿ ಕುಂದರ್ಲಿ?"

"ಒಬ್ಬಾಕಿ ನಾ, ಇನ್ನೊಬ್ಬಾಕಿ ನೀ," ಎಂದೆ. "ಕಾಕಾ ಬಸ್ಸಿಗೆ ಬರಲಿ."

ಮೌಶಿ ನಕ್ಕಳು. ಆದರೆ ರಾತ್ರಿ ಊಟಕ್ಕೆ ಕೂತಾಗ, ಮದುವೆಯ ಮಾತು ಬಂದಾಗೆಲ್ಲ ಹುಡುಗನ ಕಡೆಯವರಿಗೆ ಈ ಗಾಡಿಯ ವಿಷಯ ಹೇಗೆ ಹೇಳುವುದೆಂದು ಚಿಂತೆ ಮಾಡಿದಳು. ಹೇಳುವುದೇನು, ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತೇನೆ, ವಾಂತಿ ಮಾಡದೆ ಇಳಿದವನನ್ನು ನೋಡೋಣ ಎಂದೆ. ಆ ಮಾತು ಅಲ್ಲಿಗೆ ನಿಂತಿತು.

ಬಾಲಾನಗರದ ಲೇತ್ ಅಂಗಡಿಗಳ ಸಾಲಿನಲ್ಲಿ ಒಬ್ಬ ಹಿರಿಯರಿದ್ದಾರೆ, ನಮ್ಮ ಕಡೆಯವರು ಎಂದು ಯಾರೋ ಹೇಳಿದರು. ಹೋದೆ. ರಾಯಚೂರು ಕಡೆಯವರು. ವಿಮಾನದ ಉಪಕರಣ ಮಾಡುವ ಸರ್ಕಾರಿ ಕಾರ್ಖಾನೆಯಲ್ಲಿ ಇಡೀ ಆಯುಷ್ಯ ಫಿಟ್ಟರ್ ಆಗಿದ್ದು, ನಿವೃತ್ತರಾದ ಮೇಲೆ ಒಂದು ಲೇತ್, ಒಂದು ಡ್ರಿಲ್ಲಿಂಗ್ ಮಷಿನ್ ಇಟ್ಟುಕೊಂಡು ಕೂತಿದ್ದರು. ಕನ್ನಡದಲ್ಲಿ ಮಾತಾಡಿದ ಕೂಡಲೇ ಅವರು ನನ್ನನ್ನು ತಂಗಿ ಎಂದರು, ನಾನು ಅವರನ್ನು ಕಾಕಾ ಎಂದೆ. ಮೌಶಿಯ ಗಂಡನೂ ನನಗೆ ಕಾಕಾನೇ ಆದರೂ, ಮುಂದೆ ಈ ಬರಹದಲ್ಲಿ ಕಾಕಾ ಎಂದರೆ ಇವರೇ.

ಕಾಕಾ ಗಾಡಿಯ ಸುತ್ತ ಮೂರು ಸಲ ತಿರುಗಿ ಕೇಳಿದರು: "ಇದನ್ನ ಏನ್ ಮಾಡಬೇಕಂತಿ?"

"ಓಡಬೇಕ್ರಿ ಕಾಕಾ. ಜೋರಾಗಿ."

"ಓಡೂದು ಆಮ್ಯಾಲೆ. ಮೊದಲು ನಿಂದರೂದು ಕಲಸೂಣು."

ಹಾಗಾಗಿ ಕೆಲಸ ಬ್ರೇಕಿನಿಂದ ಶುರುವಾಯಿತು. ನನಗೋ ಎಂಜಿನ್ ಬಿಚ್ಚುವ ಆತುರ. ಆದರೆ ಕಾಕಾ ಹಟಕ್ಕೆ ಬಿದ್ದರೆ ಲೇತ್‌ಗಿಂತ ಗಟ್ಟಿ. ಹಳೆಯ ಸಣ್ಣ ಬ್ರೇಕ್ ತೆಗೆದು, ಅದಕ್ಕಿಂತ ಭಾರದ ಕಾರಿನ ದೊಡ್ಡ ಡಿಸ್ಕ್ ತಂದರು. ಅದು ಕೂರಲು ಬೇಕಾದ ಉಕ್ಕಿನ ಪಟ್ಟಿಯನ್ನು ತಾವೇ ಕೊರೆದರು. ಡಿಸ್ಕನ್ನು ಎರಡೂ ಕಡೆಯಿಂದ ಹಿಡಿದು ಒತ್ತುವ ಕ್ಯಾಲಿಪರನ್ನು ಆ ಪಟ್ಟಿಗೆ ಎರಡೆರಡು ಬೋಲ್ಟಿನಿಂದ ಬಿಗಿಯಬೇಕು. ಆಮೇಲೆ ಸ್ಪ್ರಿಂಗ್ ಬದಲಾಯಿತು. ಮ್ಯಾಟು, ಹೀಟರು, ಬಾಗಿಲಿನ ಒಳಮೈ, ಸ್ಟೆಪ್ನಿ ಎಲ್ಲ ಕಳಚಿ ಹೊರಗೆ ಬಂತು. ತೂಕ ಇಳಿದಷ್ಟೂ ಗಾಡಿ ಹಗುರಾಗಿ ಓಡುತ್ತದೆ. ಕೊನೆಗೆ ಎಂಜಿನ್ನಿನ ತಲೆ ಬಿಚ್ಚಿ, ಅದರ ಅಡಿಯನ್ನು ಕೂದಲೆಳೆಯಷ್ಟು ಹೆರೆದು, ಮತ್ತೆ ಕೂರಿಸಿದರು. ಅಷ್ಟಕ್ಕೇ ಅದರ ದನಿ ಬದಲಾಯಿತು. ಪ್ರತಿ ಶನಿವಾರ, ಭಾನುವಾರ ನಾನು ಅಲ್ಲೇ. ಉಗುರಿನಲ್ಲಿ ಗ್ರೀಸು ತುಂಬಿಕೊಂಡೇ ಸೋಮವಾರ ಆಫೀಸಿಗೆ ಹೋಗುತ್ತಿದ್ದೆ, ಬೇಕಂತಲೇ.

ಕಾಕಾನ ಅಂಗಡಿಯಲ್ಲಿ ಒಂದು ನಿಯಮವಿತ್ತು. ಹಳೆಯ ಕಾರ್ಖಾನೆಯಿಂದ ತಂದದ್ದು. ಬೋಲ್ಟು ಬಿಗಿದವನು ಅದನ್ನು ತಪಾಸಣೆ ಮಾಡಬಾರದು. ಬೇರೊಬ್ಬರು ಬಂದು, ಬಿಗಿತ ಅಳೆಯುವ ಪಾನಾ ಹಾಕಿ ನೋಡಿ, ಸರಿ ಇದ್ದರೆ ಬೋಲ್ಟಿನ ತಲೆಯಿಂದ ಪಕ್ಕದ ಲೋಹದವರೆಗೆ ಎನಾಮಲ್ ಬಣ್ಣದಲ್ಲಿ ಒಂದು ಕೆಂಪು ಗೆರೆ ಎಳೆಯಬೇಕು. ಬೋಲ್ಟು ಸಡಿಲಾಗಿ ತಿರುಗಿದರೆ ಗೆರೆ ಮುರಿದು ಕಾಣುತ್ತದೆ. ಗೆರೆ ಇಲ್ಲದ ಬೋಲ್ಟು ಬಿಗಿದಂತೆಯೇ ಅಲ್ಲ, ಎಷ್ಟೇ ಗಟ್ಟಿಯಾಗಿರಲಿ.

"ನನ್ನ ಹತ್ರ ಎರಡನೇ ಮನಷ್ಯಾ ಇಲ್ಲ," ಎಂದರು ಕಾಕಾ. "ನೀ ಏನ್ ಕೆಲಸ ಮಾಡ್ತಿ ಅಂದಿ? ತಪ್ಪು ಹುಡುಕೂದಲ್ಲ? ಹಂಗಾರ ಹುಡುಕು."

ಬ್ರಶ್ಶು ನನ್ನ ಕೈಗೆ ಬಂತು. ಆಫೀಸಿನಲ್ಲಿ ನನ್ನ ತಪ್ಪು ಹುಡುಕುವ ಬುದ್ಧಿಗೆ ಯಾರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಕಾಕಾ ಬಿಗಿದು ದೂರ ಸರಿದು ಕೈಕಟ್ಟಿ ನಿಲ್ಲುತ್ತಿದ್ದರು, ನಾನು ಪಾನಾ ಹಾಕುತ್ತಿದ್ದೆ. ಎರಡು ಸಲ ಅವರ ಬೋಲ್ಟು ತಿರಸ್ಕರಿಸಿದೆ. ಮುಖ ಸಣ್ಣದು ಮಾಡಿಕೊಳ್ಳದೆ ಮತ್ತೆ ಬಿಗಿದರು. ನಮ್ಮ ಆಫೀಸಿನ ಪ್ರೋಗ್ರಾಮರುಗಳು ಇವರ ಹತ್ತಿರ ಒಂದು ತಿಂಗಳು ಇದ್ದು ಹೋಗಬೇಕು ಅನ್ನಿಸಿತು.

ಗಾಡಿ ತಯಾರಾಗುತ್ತಿದೆ ಎಂದು ತಿಳಿದಾಗ ಲೀಡ್ ಒಂದು ಷರತ್ತು ಹಾಕಿದ, ಎಲ್ಲರ ಮುಂದೆ. "ಬಾಲಾನಗರದ ಲೇತ್ ಅಂಗಡೀಲಿ ಮಾಡಿಸಿದ ಬ್ರೇಕು ಅಂತೀರಾ. ಟ್ರ್ಯಾಕಿನ ತಪಾಸಣೆಯವರು ನಿಮ್ಮ ಗಾಡಿನ ಒಂದೇ ಒಂದು ಸಲ ಬೇಡ ಅಂದ್ರೆ, ನೀವು ಅವತ್ತೂ ಓಡಿಸಲ್ಲ, ಮುಂದೆ ಯಾವತ್ತೂ ಕೇಳಲ್ಲ. ಒಪ್ಕೋತೀರಾ?"

"ಒಪ್ಪಿದೆ," ಎಂದೆ. ಸಿಟ್ಟಿನಲ್ಲಿ ಏನು ಬೇಕಾದರೂ ಒಪ್ಪುವವಳು ನಾನು.

ಟ್ರ್ಯಾಕಿನ ದಿನ ದಸರಾ ಮುಗಿದ ವಾರಕ್ಕೇ ಬಂತು. ಆಯುಧಪೂಜೆಗೆ ನಮ್ಮ ಕಡೆ ಖಂಡೇಪೂಜೆ ಎನ್ನುತ್ತೇವೆ. ಅವತ್ತು ಬಾಲಾನಗರದಲ್ಲಿ ಒಂದು ಲೇತೂ ತಿರುಗುವುದಿಲ್ಲ. ಯಂತ್ರಗಳಿಗೆ ಚೆಂಡುಹೂವಿನ ಹಾರ, ಮಾವಿನ ತೋರಣ, ಪ್ರತಿ ಬಾಗಿಲಲ್ಲೂ ಒಡೆದ ಬೂದುಗುಂಬಳ. ಪೂಜೆಗೆ ಮುಂಚೆ ಒಂದಿಷ್ಟು ಕೆಲಸ ಮುಗಿಸೋಣವೆಂದು ಕಾಕಾ, ಕಡೆಯ ಸಲ ನೋಡಲು ಬಿಚ್ಚಿದ್ದ ಮುಂದಿನ ಎಡಚಕ್ರದ ಕ್ಯಾಲಿಪರನ್ನು ಮತ್ತೆ ಕೂರಿಸುತ್ತಿದ್ದರು. ಮೇಲಿನ ಬೋಲ್ಟು ಬಿಗಿದಾಗಿತ್ತು, ನಾನು ಗೆರೆ ಎಳೆದಿದ್ದೆ. ಕೆಳಗಿನದನ್ನು ಬೆರಳಲ್ಲಿ ತಿರುಗಿಸಿ ಕೂರಿಸಿದ್ದರಷ್ಟೆ. ಅಷ್ಟರಲ್ಲಿ ಮೌಶಿ ಪೂಜೆಯ ತಟ್ಟೆ ಹಿಡಿದು ಆಟೋದಿಂದ ಇಳಿದಳು. ಗಾಡಿಗೆ ಪೂಜೆ ಮಾಡದೆ ಕಳಿಸುವುದಿಲ್ಲವೆಂದು ಹಟ ಹಿಡಿದು ಬಂದಿದ್ದಳು.

ಕಾಕಾ ಪಾನಾಗಳನ್ನೆಲ್ಲ ಒರೆಸಿ ಮಣೆಯ ಮೇಲೆ ಜೋಡಿಸಿದರು. ಪೂಜೆಗೆ ಇಟ್ಟ ಆಯುಧವನ್ನು ಅವತ್ತು ಮುಟ್ಟುವಂತಿಲ್ಲ. ಮೌಶಿ ಕುಂಕುಮಕ್ಕೆ ಎಣ್ಣೆ ಕಲಸಿದ್ದಳು, ಕಬ್ಬಿಣಕ್ಕೆ ಹತ್ತಲಿ ಎಂದು. ಲೇತಿಗೆ ಬೊಟ್ಟು, ಡ್ರಿಲ್ಲಿಗೆ ಬೊಟ್ಟು, ಗಾಡಿಯ ಮೂಗಿಗೆ ಬೊಟ್ಟು. ಕುಂಬಳ ಒಡೆಯುವುದಕ್ಕೆ ನಾನು ಹೊರಗೆ ಹೋಗಿದ್ದೆ. ಒಳಗೆ ಮೌಶಿ ಬೋಲ್ಟುಗಳ ಮೇಲಿನ ಕೆಂಪು ಗೆರೆಗಳನ್ನು ನೋಡಿ, ಓಹೋ, ಇಲ್ಲಿಯ ಪದ್ಧತಿ ಹೀಗೆ ಎಂದುಕೊಂಡಿದ್ದಾಳೆ. ಒಂದಕ್ಕೆ ಮಾತ್ರ ಇರಲಿಲ್ಲ. ಅದೊಂದನ್ನು ಬಿಡುವುದು ಸರಿಯಲ್ಲವೆಂದು, ಬೆರಳಲ್ಲಿ ನೀಟಾಗಿ ಒಂದು ಗೆರೆ ಎಳೆದಿದ್ದಾಳೆ. ಇದೆಲ್ಲ ನನಗೆ ತಿಳಿದದ್ದು ತಡವಾಗಿ.

ಮರುದಿನ ವಿಜಯದಶಮಿ, ಬನ್ನಿ ಕೊಟ್ಟು ತಗೊಳ್ಳುವುದರಲ್ಲೇ ಮುಗಿಯಿತು. ಅದರ ಮರುದಿನ ಹೋದಾಗ ಕಾಕಾ ಬಲಗಡೆ ಶುರು ಮಾಡಿದ್ದರು. ಎಡಗಡೆ ಕೆಂಪು ಕಂಡಿತು ಅವರಿಗೆ, ತಾನು ಬಿಗಿದದ್ದಾಗಿದೆ, ತಂಗಿ ನೋಡಿ ಮುಗಿಸಿದ್ದಾಳೆ ಅಂದುಕೊಂಡರು. ನನಗೂ ಕೆಂಪು ಕಂಡಿತು, ಹಬ್ಬದ ಗಡಿಬಿಡಿಯಲ್ಲಿ ನಾನೇ ಎಳೆದಿರಬೇಕು, ಮುಗಿದಿದೆ ಅಂದುಕೊಂಡೆ. ಚಕ್ರ ಹಾಕಿದೆವು. ಸಂಜೆ ಗಾಡಿಯನ್ನು ಲಾರಿಗೆ ಏರಿಸಿ, ಕಾಕಾನೂ ನಾನೂ ಹಿಂದೆ ರೈಲಿನಲ್ಲಿ ಹೊರಟೆವು.

ಟ್ರ್ಯಾಕಿನ ತಪಾಸಣಾಧಿಕಾರಿ ನರೆತ ಮೀಸೆಯ ಒಬ್ಬ ತಮಿಳರು. ಟಾರ್ಚು ಹಿಡಿದು ಗಾಡಿಯ ಕೆಳಗೆಲ್ಲ ನೋಡಿದರು, ಬ್ರೇಕ್ ಒತ್ತಿಸಿದರು, ಕಾಕಾ ಕೊರೆದ ಕೆಲಸವನ್ನು ಮೆಚ್ಚಿ ತಲೆಯಾಡಿಸಿದರು. ಚಕ್ರ ಹಾಕಿದ್ದಾಗ ಆ ಕೆಳಗಿನ ಬೋಲ್ಟು ಕಾಣುವುದಿಲ್ಲ. ಗಾಜಿಗೆ ಸ್ಟಿಕ್ಕರ್ ಅಂಟಿಸಿದರು. ನಾನು ಲೀಡಿನ ಕಡೆ ತಿರುಗಿ ಹಲ್ಲು ಕಿರಿದೆ. ಅವನು ಹೆಬ್ಬೆರಳು ಎತ್ತಿದ.

ಇನ್ನು ಟ್ರ್ಯಾಕಿಗೆಂದೇ ತಂದಿದ್ದ ಮೆತ್ತನೆಯ ಟೈರು ಹಾಕುವುದಷ್ಟೇ ಉಳಿದಿತ್ತು. ಕಾಕಾ ಎಡಚಕ್ರ ಬಿಚ್ಚಿದರು. ನಾನು ಟೈರು ಉರುಳಿಸಿಕೊಂಡು ಬಂದು ಕೂತೆ. ಚೆನ್ನೈ ಬಿಸಿಲು ಕೇಳಬೇಕೆ, ಬೆಳಿಗ್ಗೆ ಎಂಟಕ್ಕೇ ಡಾಂಬರು ಕಾದಿತ್ತು. ಕೆಳಗಿನ ಬೋಲ್ಟಿನ ಕೆಂಪು ಕೆಳಗೆ ಇಳಿದಿತ್ತು, ಸಣ್ಣಗೆ, ಕಣ್ಣೀರಿಳಿದ ಹಾಗೆ.

ಒಣಗಿದ ಎನಾಮಲ್ ಇಳಿಯುವುದಿಲ್ಲ. ಹೆಬ್ಬೆರಳು ಒತ್ತಿದೆ, ಕೆಂಪು ಬೆರಳಿಗೆ ಬಂತು. ಮೂಸಿದೆ. ಮೌಶಿಯ ದೇವರ ಮನೆಯ ವಾಸನೆ. ಬೋಲ್ಟನ್ನು ಎರಡು ಬೆರಳಲ್ಲಿ ಹಿಡಿದೆ, ತಿರುಗಿತು. ಬಾಟಲಿಯ ಮುಚ್ಚಳ ತಿರುಗಿದ ಹಾಗೆ ತಿರುಗಿತು.

ಉದ್ದನೆಯ ನೇರ ದಾರಿಯ ಕೊನೆಯಲ್ಲಿ, ಪೂರ್ತಿ ವೇಗದಲ್ಲಿ ಬ್ರೇಕ್ ಒತ್ತುವಾಗ ಈ ಬೋಲ್ಟು ಕಳಚಿದ್ದರೆ ಕ್ಯಾಲಿಪರ್ ತಿರುಗಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆಮೇಲಿನದನ್ನು ಬರೆಯುವುದಕ್ಕೆ ನಾನೇ ಇರುತ್ತಿರಲಿಲ್ಲ.

ಕಾಕಾ ನೋಡಿದರು. ಹೋಗಿ ಟೂಲ್ ಪೆಟ್ಟಿಗೆಯ ಮೇಲೆ ಕೂತರು. "ನನ್ನ ಕಣ್ಣು ಹೋದುವು ತಂಗಿ," ಎಂದರು ಆಮೇಲೆ. "ಬಣ್ಣಕ್ಕೂ ಕುಂಕಮಕ್ಕೂ ಫರಕು ತಿಳೀಲಿಲ್ಲ ನೋಡು."

"ನೋಡೂದು ನಿಮ್ಮ ಕೆಲಸ ಅಲ್ರಿ ಕಾಕಾ, ನಂದು," ಎಂದೆ. "ನಾ ಪಾನಾ ಹಾಕಿ ನೋಡಲಿಲ್ಲ. ಬರೇ ಕಣ್ಣಾಡಿಸಿ ಬಿಟ್ಟೆ. ನೀವು ಬಿಗೀರಿ, ನಾ ನೋಡ್ತೀನಿ, ಮುಗೀತು."

ನಿಜ ಹೇಳುತ್ತೇನೆ, ಹಾಗೆ ಮುಗಿಸುವ ಮನಸ್ಸು ನನಗೆ ಪೂರ್ತಿ ಇತ್ತು. ಹತ್ತು ಸೆಕೆಂಡಿನ ಕೆಲಸ. ಯಾರೂ ನೋಡಿರಲಿಲ್ಲ. ಸ್ಟಿಕ್ಕರ್ ಗಾಜಿನ ಮೇಲಿತ್ತು, ಮೊದಲ ಸರದಿಗೆ ಗಾಡಿಗಳು ಸಾಲು ಹಿಡಿಯುತ್ತಿದ್ದವು. ಪಾನಾ ತೆಗೆದು ಕಾಕಾನ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಒಂದು ಗೆರೀ ಸುಳ್ಳಾತಂದ್ರ ಎಲ್ಲಾ ಗೆರೀನೂ ಸುಳ್ಳ," ಎಂದರು. "ನಮ್ಮ ಕಾರ್ಖಾನ್ಯಾಗ ಹಿಂಗಾದ್ರ ನೋಡಿದಾವ ಹೋಗಿ ತಾನ ಹೇಳ್ತಿದ್ದ. ಎಲ್ಲಾ ಅಳಿಸಿ ಮೊದಲಿಂದ ನೋಡ್ತಿದ್ದ. ಮುಂದ ನಿನ್ನ ಮರ್ಜಿ ತಂಗಿ. ಗಾಡಿ ನಿಂದು, ಜೀವಾನೂ ನಿಂದು."

ಮುದುಕನ ಮೇಲೆ ಎಂಥ ಸಿಟ್ಟು ಬಂತೆಂದರೆ! ಹೋಗಿ ಹೇಳಿದರೆ ಸ್ಟಿಕ್ಕರ್ ಕೀಳುತ್ತಾರೆ. ಸ್ಟಿಕ್ಕರ್ ಕಿತ್ತರೆ ಲೀಡಿನ ಷರತ್ತು. ಏಳು ತಿಂಗಳ ಶನಿವಾರ, ಭಾನುವಾರಗಳು, ಗ್ರೀಸು, ಬೆವರು, ಎಲ್ಲ ಆ ಬೋಲ್ಟಿನ ಜೊತೆ ಬೆರಳಿನಲ್ಲಿ ತಿರುಗಿಹೋಗುತ್ತಿತ್ತು. ಐದು ನಿಮಿಷ ಅಲ್ಲೇ ಕುಕ್ಕರುಗಾಲಲ್ಲಿ ಕೂತೆ. ಅಷ್ಟು ಹೊತ್ತೂ ಉಳಿದ ಗೆರೆಗಳನ್ನು ನೋಡುತ್ತಿದ್ದೆ. ಇವುಗಳಲ್ಲಿ ಯಾವುದಕ್ಕೆ ನಾನು ನಿಜವಾಗಿ ಪಾನಾ ಹಾಕಿದ್ದೆ? ಎಲ್ಲಕ್ಕೂ, ಅಂತಲೇ ನನ್ನ ನಂಬಿಕೆ. ಎಡಗಡೆಯ ಬೋಲ್ಟಿನ ಮೇಲೂ ಅದೇ ನಂಬಿಕೆ ಇತ್ತಲ್ಲ.

ಎದ್ದು ಹೋದೆ. ತಪಾಸಣಾಧಿಕಾರಿಯ ಪಕ್ಕದಲ್ಲೇ ಲೀಡ್ ನಿಂತಿದ್ದ, ಇನ್ನೂ ನಾಲ್ಕು ಜನ ಇದ್ದರು. ತಗ್ಗಿದ ದನಿಯಲ್ಲಿ ಹೇಳಬಹುದಿತ್ತು. ಹೇಳುವುದೇ ಆದರೆ ಎಲ್ಲರಿಗೂ ಕೇಳಲಿ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿಯೇ ಹೇಳಿದೆ: ನನ್ನ ಗಾಡಿಯ ಬ್ರೇಕಿನ ಒಂದು ಬೋಲ್ಟು ಸಡಿಲ ಇದೆ, ತಪ್ಪು ನನ್ನದು, ನೋಡದೆ ನೋಡಿದೆ ಅಂದಿದ್ದೆ, ನಿಮ್ಮ ಸ್ಟಿಕ್ಕರ್ ತೆಗೆಯಿರಿ, ಎಲ್ಲ ಬೋಲ್ಟು ಮತ್ತೆ ನೋಡಿ ಕರೆಯುತ್ತೇನೆ, ಆಗ ಇನ್ನೊಮ್ಮೆ ಬಂದು ಪರೀಕ್ಷೆ ಮಾಡಿ.

ಅವರು ಗಾಡಿಯ ಹತ್ತಿರ ಬಂದು ಸ್ಟಿಕ್ಕರ್ ಕಿತ್ತರು. ಕಿತ್ತ ಸದ್ದು ಇವತ್ತಿಗೂ ನೆನಪಿದೆ.

ಲೀಡ್ ಹಿಂದೆಯೇ ಬಂದ. ಕೆಟ್ಟವನಲ್ಲ ಅವನು, ದನಿ ಮೃದುವಾಗಿಯೇ ಇತ್ತು. "ಬೇಜಾರು ಮಾಡ್ಕೋಬೇಡಿ. ಆದ್ರೆ ನೀವೇ ಒಪ್ಪಿದ್ರಿ ಅಲ್ವಾ? ನಾನು ಹೇಳಿದ್ದೂ ಇದನ್ನೇ. ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

"ಒಪ್ಪಿದ್ದೆ," ಎಂದೆ. "ಈಗ ಒಪ್ಪಲ್ಲ."

"ಮಾತು ಅಂದ್ರೆ ಮಾತು."

"ಆ ಮಾತು ಮುರೀತಿದೀನಿ. ಎಲ್ಲರ ಮುಂದೆ ಕೊಟ್ಟಿದ್ದೆ, ಎಲ್ಲರ ಮುಂದೇನೇ ಮುರೀತಿದೀನಿ. ತಪ್ಪು ಮಾಡಿದ್ದಕ್ಕೆ ಗಾಡಿ ಪೂರ್ತಿ ಬಿಚ್ಚಿ ನೋಡ್ತೀನಿ, ಸಂಜೆ ತನಕ ಆದ್ರೂ ಸರಿ. ತಪ್ಪು ಮಾಡಿದ್ದಕ್ಕೆ ಇನ್ಯಾವತ್ತೂ ಓಡಿಸಲ್ಲ ಅನ್ನೋದಿಲ್ಲ. ನಿಮ್ಮ ಪ್ರೋಗ್ರಾಮಿನಲ್ಲಿ ನಾನು ಇಷ್ಟು ವರ್ಷ ಎಷ್ಟು ತಪ್ಪು ಹುಡುಕಿಕೊಟ್ಟೆ? ಇನ್ಮೇಲೆ ಬರೀಬೇಡಿ ಅಂತ ಯಾರಾದ್ರೂ ನಿಮಗೆ ಹೇಳಿದ್ರಾ?"

ಉತ್ತರ ತಪಾಸಣಾಧಿಕಾರಿಯಿಂದ ಬಂತು. ಕನ್ನಡ ಅವರಿಗೆ ತಿಳಿದಿರಲಿಲ್ಲ, ಜಗಳ ಮಾತ್ರ ಚೆನ್ನಾಗಿ ತಿಳಿದಿತ್ತು. ಕಡೆಯ ಸರದಿ ನಾಲ್ಕು ಗಂಟೆಗೆ, ಅಷ್ಟರೊಳಗೆ ಗಾಡಿ ತನಗೆ ಒಪ್ಪಿಗೆಯಾದರೆ ಒಳಗೆ ಬಿಡುವುದು ತನ್ನ ಕೆಲಸ, ಬೇರೆ ಯಾರದೂ ಅಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿ ಹೊರಟುಹೋದರು.

ಟರ್ಪೆಂಟೈನ್ ಬಟ್ಟೆ ಹಿಡಿದು ಒಂದೊಂದೇ ಗೆರೆ ಅಳಿಸಿದೆ. ಕಾಕಾ ಪ್ರತಿ ಬೋಲ್ಟನ್ನು ಸಡಿಲಿಸಿ ಮತ್ತೆ ಬಿಗಿದು ದೂರ ನಿಂತರು. ನಾನು ಪಾನಾ ಹಾಕಿದೆ, ಗೆರೆ ಎಳೆದೆ. ಆಚೆ ಗಾಡಿಗಳು ಕಿರುಚುತ್ತ ಓಡುತ್ತಿದ್ದವು. ಒಂದು ಸರದಿ ಮುಗಿಯಿತು, ಎರಡು ಮುಗಿಯಿತು. ಮಧ್ಯಾಹ್ನ ಹುಡುಗರು ಬಿರಿಯಾನಿ ಪೊಟ್ಟಣ ಬಿಚ್ಚಿಕೊಂಡು ನಮ್ಮನ್ನೇ ನೋಡುತ್ತ ತಿಂದರು. ನೋಡಲಿ. ಬೆನ್ನು ನೋಯುತ್ತಿತ್ತು, ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು, ಬಾಯಲ್ಲಿ ಮಾತ್ರ ಮೌಶಿಗೆ ಕೊಡಬೇಕಾದ ಬೈಗುಳಗಳನ್ನು ಜೋಡಿಸುತ್ತಿದ್ದೆ. ಕಾಕಾ ನಡುವೆ ಒಮ್ಮೆ ಹೇಳಿದರು: "ಆಕೀಗೆ ಬೈಬ್ಯಾಡ. ಆಕಿ ಬಿಟ್ಟಿದ್ದನ್ನ ಪೂರ್ತಿ ಮಾಡ್ಯಾಳ. ನಾವು ಪೂರ್ತಿ ಮಾಡಬೇಕಾದ್ದನ್ನ ಬಿಟ್ಟೀವಿ." ಇನ್ನೊಂದು ಬೋಲ್ಟೂ ಸಡಿಲು ಸಿಗಲಿಲ್ಲ. ಆದರೂ ಆ ಕೆಲಸ ದಂಡವಾಯಿತೆಂದು ನನಗೆ ಅನ್ನಿಸಲಿಲ್ಲ.

ಮೂರೂಮುಕ್ಕಾಲಿಗೆ ತಪಾಸಣಾಧಿಕಾರಿ ಬಂದರು. ಈ ಸಲ ನಾಲ್ಕೂ ಚಕ್ರ ಬಿಚ್ಚಿಸಿ ನೋಡಿ, ಹೊಸ ಸ್ಟಿಕ್ಕರ್ ಅಂಟಿಸಿದರು.

ಮೊದಲ ಸುತ್ತು ನಾಚಿಕೆಗೇಡು. ಹೆಲ್ಮೆಟ್ಟಿನೊಳಗೆ ನನ್ನ ಉಸಿರೇ ನನಗೆ ಕೇಳುತ್ತಿತ್ತು. ನೇರ ದಾರಿಯ ಕೊನೆಯ ತಿರುವು ಬರುವ ಎಷ್ಟೋ ಮೊದಲೇ ಬ್ರೇಕಿನ ಮೇಲೆ ಕಾಲು ಹೋಗುತ್ತಿತ್ತು, ಹೆದರಿ ಹೆದರಿ, ತುದಿಬೆರಳಲ್ಲಿ. ಲೀಡ್ ನನ್ನನ್ನು ದಾಟಿ ಹೋದ. ಉಳಿದವರೂ ದಾಟಿದರು. ಎರಡನೆಯ ಸುತ್ತೂ ಅದೇ ಕಥೆ. ಬೋಲ್ಟುಗಳನ್ನೆಲ್ಲ ನೋಡಿದ್ದೆ, ಗೆರೆ ಎಳೆದಿದ್ದೆ, ಆದರೂ ಕಾಲಿಗೆ ನಂಬಿಕೆ ಬಂದಿರಲಿಲ್ಲ.

ಮೂರನೆಯ ಸುತ್ತಿನಲ್ಲಿ ನನಗೇ ನನ್ನ ಮೇಲೆ ಸಿಟ್ಟು ಬಂತು. ಯಾರು ನೋಡಿದ್ದು ಆ ಬೋಲ್ಟನ್ನು? ನಾನಲ್ಲವೇ? ನೇರ ದಾರಿಯಲ್ಲಿ ಆಕ್ಸಿಲರೇಟರ್ ನೆಲಕ್ಕೆ ಒತ್ತಿ ಹಿಡಿದೆ. ತಿರುವಿಗೆ ಇನ್ನೆಷ್ಟು ದೂರವೆಂದು ತೋರಿಸುವ ಮೊದಲ ಹಲಗೆ ಹೋಯಿತು, ಎರಡನೆಯದು ಹೋಯಿತು, ಮೂರನೆಯ ಹಲಗೆಗೆ ಬಂದಾಗ ಬ್ರೇಕನ್ನು ಪೂರ್ತಿ ಕಾಲಿಟ್ಟು ತುಳಿದೆ. ಬೆಲ್ಟು ಎದೆಗೆ ಒತ್ತಿತು. ಗಾಡಿ ಅತ್ತಿತ್ತ ಅಲುಗಲಿಲ್ಲ. ನಾನು ಹೇಳಿದಲ್ಲಿ, ಹೇಳಿದಷ್ಟು ನಿಧಾನವಾಗಿ, ಮೂಗು ತಿರುವಿನ ಕಡೆ ತಿರುಗಿಸಿತು. ಹೆಲ್ಮೆಟ್ಟಿನೊಳಗೆ ಕೂಗಿದೆ, ಏನು ಕೂಗಿದೆನೋ ಗೊತ್ತಿಲ್ಲ, ನಮ್ಮೂರ ಕಡೆಯ ಬೈಗುಳವೇ ಇರಬೇಕು. ಇನ್ನೂ ನಾಲ್ಕು ಸುತ್ತು ಸಿಕ್ಕಿತು. ನಾಲ್ಕರಲ್ಲೂ ಮೂರನೆಯ ಹಲಗೆಗೇ ತುಳಿದೆ.

ಹೊರಗೆ ಬಂದು ಇಳಿದೆ. ಕಾಕಾ ನನ್ನನ್ನು ಕೇಳಲಿಲ್ಲ, ನೇರ ಚಕ್ರದ ಹತ್ತಿರ ಕೂತು ಒಳಗೆ ಬಗ್ಗಿ ನೋಡಿದರು. ಗೋಡೆಯ ಮೇಲೆ ದಿನದ ಸಮಯಗಳ ಹಾಳೆ ಅಂಟಿಸಿದ್ದರು. ಲೀಡ್ ಅದರ ಮುಂದೆ ನಿಂತಿದ್ದ. ನಾನು ಹತ್ತಿರ ಬಂದಾಗ, ಹಂಗಿಸುವುದಕ್ಕಲ್ಲ, ಹೇಗೆ ಹೇಳಬೇಕೆಂದು ತಿಳಿಯದೆ ಹೇಳಿದ: "ನಿಮ್ಮದು ಕೊನೇಲಿದೆ."

ಹದಿನಾಲ್ಕು ಹೆಸರುಗಳಿದ್ದವು. ಬೆರಳಿಟ್ಟು ಕೆಳಗಿಳಿದು ನನ್ನ ಹೆಸರು ಹುಡುಕಿದೆ. ಅವನು ಹೇಳಿದ್ದು ಸರಿ.

"ಇರಲಿ ಬಿಡಿ," ಎಂದೆ. "ಇದು ಗಾಡಿ ಓಡಿಸಿದವರ ಪಟ್ಟಿ ತಾನೇ?"